ಉಪಪ್ರಶ್ನೆ ಎಂಬ ಹಕ್ಕು

1893ರ ಫೆಬ್ರವರಿ 16ರಂದು ಗವರ್ನರ್ ಜನರಲ್ ಅವರ ಶಾಸನ ಪರಿಷತ್ತಿನಲ್ಲಿ ಒಬ್ಬ ಸದಸ್ಯರು ಸರ್ಕಾರಕ್ಕೆ ಒಂದು ಪ್ರಶ್ನೆ ಕೇಳಿದರು. ಕೇಳಿದವರು ಅವಧ್ ಸೀಮೆಯ ಭಿಂಗಾದ ರಾಜ. ವಿಷಯ ದೊಡ್ಡ ರಾಜಕಾರಣದ್ದಾಗಿರಲಿಲ್ಲ. ಅಧಿಕಾರಿಗಳು ಪ್ರವಾಸ ಹೊರಟು ಊರಾಚೆ ಡೇರೆ ಹಾಕಿದಾಗ ಅವರ ಕ್ಯಾಂಪಿಗೆ ದಿನಸಿ ಒದಗಿಸುವ ಹೊರೆ ಹಳ್ಳಿಯ ಅಂಗಡಿಯವರ ಮೇಲೆ, ಸಣ್ಣ ವ್ಯಾಪಾರಿಗಳ ಮೇಲೆ ಬೀಳುತ್ತಿತ್ತು. ಅದರಿಂದ ಅವರಿಗಾಗುವ ತೊಂದರೆಯ ಬಗ್ಗೆ ಸರ್ಕಾರ ಏನು ಹೇಳುತ್ತದೆ ಎಂಬುದು ಪ್ರಶ್ನೆಯ ಸಾರ. ಹಿಂದಿನ ವರ್ಷವಷ್ಟೇ ಬಂದಿದ್ದ 1892ರ ಇಂಡಿಯನ್ ಕೌನ್ಸಿಲ್ಸ್ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತ್ತು. ಆ ಹಕ್ಕಿನಡಿ ದಾಖಲಾದ ಮೊದಲ ಪ್ರಶ್ನೆ ಇದು.

ರೈಲು, ಸೇನೆ, ಉಪ್ಪಿನ ತೆರಿಗೆ ಎಂದು ಕೇಳಲು ಎಷ್ಟೋ ಇದ್ದ ಕಾಲದಲ್ಲಿ ಕೋಳಿ, ಹಾಲು, ಸೌದೆಯ ವಿಚಾರ ಮೊದಲ ಪ್ರಶ್ನೆಯಾಯಿತೆಂದು ನಗು ಬರಬಹುದು. ಆದರೆ ಸರ್ಕಾರ ಎಂಬುದು ಹಳ್ಳಿಯವನಿಗೆ ಎದುರಾಗುತ್ತಿದ್ದದ್ದೇ ಹಾಗೆ. ಬಾಗಿಲಿಗೆ ಬಂದ ಜವಾನ, ಕೊಂಡೊಯ್ದ ಸಾಮಾನು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಹಣ. ಇಂಥದ್ದನ್ನು ಸಾಮ್ರಾಜ್ಯದ ಅತಿ ಎತ್ತರದ ಸಭೆಯಲ್ಲಿ ಕೇಳಬಹುದು, ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು ಎಂಬುದು ಹೊಸ ಸಂಗತಿಯಾಗಿತ್ತು.

ಹೊಸದು ಏಕೆಂದರೆ ಅಲ್ಲಿಯವರೆಗೆ ಪ್ರಜೆಗಳಿಗೆ ಇದ್ದದ್ದು ಅಹವಾಲು. ನಮ್ಮ ಮೈಸೂರು ಸಂಸ್ಥಾನದ್ದೇ ಉದಾಹರಣೆ ನೋಡಬಹುದು. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ರೈತರ, ವರ್ತಕರ ಪರವಾಗಿ ಬಂದವರು 144 ಮಂದಿ. ದಸರೆಯ ಹೊತ್ತಿಗೆ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ವರ್ಷದ ಆಡಳಿತದ ವರದಿ ಒಪ್ಪಿಸುತ್ತಿದ್ದರು. ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಕಷ್ಟಗಳನ್ನು ಹೇಳಿಕೊಳ್ಳುತ್ತಿದ್ದರು. ಬ್ರಿಟಿಷ್ ಭಾರತದಲ್ಲಿ ಆಗ ಅಷ್ಟೂ ಇರಲಿಲ್ಲ. 1853ರಲ್ಲಿ ರೂಪುಗೊಂಡ ಶಾಸನ ಪರಿಷತ್ತು ಸರ್ಕಾರವನ್ನೇ ಪ್ರಶ್ನಿಸತೊಡಗಿದಾಗ, 1861ರ ಕಾಯ್ದೆ ಅದರ ಬಾಯಿಗೆ ಬೀಗ ಹಾಕಿ, ಕಾನೂನು ಮಾಡುವ ಕೆಲಸಕ್ಕಷ್ಟೇ ಸೀಮಿತಗೊಳಿಸಿತ್ತು. ಮೈಸೂರಿನ ಸಭೆ ಆ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಆದರೂ ಅಲ್ಲಿ ಹೇಳಿಕೊಂಡದ್ದು ಅಹವಾಲೇ. ಅಹವಾಲನ್ನು ಕೇಳಿಸಿಕೊಳ್ಳುವುದು ದೊರೆಯ ದೊಡ್ಡತನ. ಪ್ರಶ್ನೆಗೆ ಉತ್ತರಿಸುವುದು ಸರ್ಕಾರದ ಕರ್ತವ್ಯ. ಈ ಎರಡರ ನಡುವಿನ ಅಂತರವನ್ನು ದಾಟಲು ಭಾರತಕ್ಕೆ ಇನ್ನೂ ಹಲವು ವರ್ಷ ಬೇಕಾಯಿತು.

1892ರ ಹಕ್ಕಿನಲ್ಲಿ ಒಂದು ಕೊರತೆ ಇತ್ತು. ಪ್ರಶ್ನೆಯನ್ನು ಮುಂಚಿತವಾಗಿ ಬರೆದುಕೊಡಬೇಕು, ಸರ್ಕಾರ ಉತ್ತರ ಓದುತ್ತದೆ, ಅಲ್ಲಿಗೆ ಮುಗಿಯಿತು. ಆ ಉತ್ತರದ ಮೇಲೆ ಚರ್ಚೆಯಿಲ್ಲ, ಇನ್ನೊಂದು ಮಾತು ಕೇಳುವಂತಿಲ್ಲ. ಉತ್ತರ ಹಾರಿಕೆಯದಾದರೆ ಅದನ್ನು ಹಿಡಿದು ನಿಲ್ಲಿಸುವ ದಾರಿಯಿರಲಿಲ್ಲ. ಆ ದಾರಿಯೇ ಉಪಪ್ರಶ್ನೆ. 1909ರ ಮಿಂಟೋ-ಮಾರ್ಲೆ ಸುಧಾರಣೆಗಳು ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆ ಕೇಳಲು ಅವಕಾಶ ಕೊಟ್ಟವು. 1919ರ ಕಾಯ್ದೆಯ ನಂತರ ಯಾವ ಸದಸ್ಯರಾದರೂ ಎದ್ದುನಿಂತು ಕೇಳಬಹುದಾಯಿತು. ಬಾಯಿಮಾತಿನ ಉತ್ತರ ಬಯಸುವ ಪ್ರಶ್ನೆಗೆ ಚುಕ್ಕೆ ಗುರುತು ಹಾಕುವ ಪದ್ಧತಿ 1921ರಲ್ಲಿ ಬಂತು.

ಬರೆದ ಪ್ರಶ್ನೆಗೂ ಉಪಪ್ರಶ್ನೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಬರೆದ ಪ್ರಶ್ನೆಗೆ ಉತ್ತರ ಸಿದ್ಧಪಡಿಸುವುದು ಇಲಾಖೆ. ಕಡತ ಕೆಳಗಿನ ಮೇಜಿನಿಂದ ಮೇಲಿನ ಮೇಜಿಗೆ ಏರುತ್ತದೆ, ಪ್ರತಿ ಮೇಜಿನಲ್ಲೂ ಒಂದಿಷ್ಟು ಮೂಲೆಗಳನ್ನು ಉಜ್ಜಿ ನಯಗೊಳಿಸಲಾಗುತ್ತದೆ, ಕೊನೆಗೆ ಮಂತ್ರಿಯ ಕೈಗೆ ಬರುತ್ತದೆ. ಉಪಪ್ರಶ್ನೆ ಬಂದಾಗ ಮಂತ್ರಿ ಒಂಟಿ. ಅಧಿಕಾರಿಗಳು ಗ್ಯಾಲರಿಯಿಂದ ಚೀಟಿ ಕಳಿಸಬಹುದೇ ಹೊರತು ಬಾಯಿ ತೆರೆಯುವಂತಿಲ್ಲ. ತನ್ನ ಇಲಾಖೆಯಲ್ಲಿ ಏನು ನಡೆಯುತ್ತಿದೆಯೆಂದು ಮಂತ್ರಿಗೆ ನಿಜವಾಗಿ ಗೊತ್ತೇ ಎಂಬುದು ಆ ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. 1935ರ ನಂತರ ಕೇಂದ್ರ ಶಾಸನಸಭೆಯಲ್ಲಿದ್ದ ಮದರಾಸಿನ ಎಸ್. ಸತ್ಯಮೂರ್ತಿ ಈ ಅರ್ಧ ನಿಮಿಷವನ್ನೇ ಅಸ್ತ್ರ ಮಾಡಿಕೊಂಡವರು. ಉಪಪ್ರಶ್ನೆಯ ಸತ್ಯಮೂರ್ತಿ ಎಂದೇ ಅವರಿಗೆ ಹೆಸರಿತ್ತು. ಸರ್ಕಾರವನ್ನು ಮತದಿಂದ ಉರುಳಿಸುವ ಶಕ್ತಿ ಆ ಸಭೆಗೆ ಇರಲಿಲ್ಲ. ಪ್ರಶ್ನೆಯಿಂದ ಪೇಚಿಗೆ ಸಿಕ್ಕಿಸುವ ಶಕ್ತಿ ಮಾತ್ರ ಇತ್ತು.

ಸ್ವತಂತ್ರ ಭಾರತದಲ್ಲಿ ಉಪಪ್ರಶ್ನೆ ಏನು ಮಾಡಬಲ್ಲದು ಎಂಬುದನ್ನು ತೋರಿಸಿದ್ದು 1957. ಅದರ ಹಿಂದಿನ ಕತೆ ಎರಡು ವರ್ಷ ಮೊದಲು ಶುರುವಾಗುತ್ತದೆ. ರಾಯ್‌ಬರೇಲಿಯ ಕಾಂಗ್ರೆಸ್ ಸದಸ್ಯ ಫಿರೋಜ್ ಗಾಂಧಿ 1955ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಖಾಸಗಿ ವಿಮಾ ಕಂಪನಿಗಳು ಪಾಲಿಸಿದಾರರ ಹಣವನ್ನು ಹೇಗೆ ದುರುಪಯೋಗ ಮಾಡುತ್ತಿವೆ ಎಂದು ಲೆಕ್ಕ ಸಮೇತ ಬಿಡಿಸಿಟ್ಟರು. ಮರುವರ್ಷ ಜೀವವಿಮೆ ರಾಷ್ಟ್ರೀಕರಣವಾಯಿತು. ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳ ವ್ಯವಹಾರ ಒಂದಾಗಿ, 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಹುಟ್ಟಿತು. ಖಾಸಗಿಯವರ ಕೈಯಿಂದ ತಪ್ಪಿಸಿದ ಹಣ ಸರ್ಕಾರದ ಕೈಯಲ್ಲಾದರೂ ಭದ್ರವಾಗಿತ್ತೇ?

ಹತ್ತು ತಿಂಗಳು ಕಳೆಯುವುದರೊಳಗೆ, 1957ರ ಜೂನ್‌ನಲ್ಲಿ, ನಿಗಮವು ಕಲ್ಕತ್ತೆಯ ಉದ್ಯಮಿ ಹರಿದಾಸ್ ಮುಂದ್ರಾ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗೆ ಕೊಂಡಿತು. ಮುಂದ್ರಾ ಆಗ ಸಾಲದಲ್ಲಿ ಮುಳುಗಿದ್ದರು. ಸೆಪ್ಟೆಂಬರಿನಲ್ಲಿ ರಾಮ್ ಸುಭಗ್ ಸಿಂಗ್ ಎಂಬ ಸದಸ್ಯರು ಈ ಬಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಯಾರಿಗೂ ಸಮಾಧಾನ ತರಲಿಲ್ಲ. ನವೆಂಬರ್ 29ರಂದು ವಿಷಯ ಮತ್ತೆ ಸದನಕ್ಕೆ ಬಂತು. ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಉತ್ತರಿಸಿದರು. ಫಿರೋಜ್ ಗಾಂಧಿ ಎದ್ದು, ಪೇಟೆಯ ದರಕ್ಕಿಂತ ಹೆಚ್ಚು ಕೊಟ್ಟು ಕೊಂಡದ್ದು ನಿಜವೇ ಎಂಬಲ್ಲಿಗೆ ಮಾತನ್ನು ತಂದು ನಿಲ್ಲಿಸಿದರು. ಡಿಸೆಂಬರ್ 16ರಂದು ಚರ್ಚೆ ನಡೆಯಿತು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ವಿಚಾರಣೆ ಬಹಿರಂಗವಾಗಿ ನಡೆಯಿತು. ಒಳಗೆ ಜಾಗ ಸಿಗದ ಜನರಿಗಾಗಿ ಹೊರಗೆ ಧ್ವನಿವರ್ಧಕ ಹಾಕಬೇಕಾಯಿತು.

ನಿಗಮದ ಹೂಡಿಕೆ ಸಮಿತಿಯನ್ನು ಕೇಳದೆಯೇ ಈ ಖರೀದಿ ನಡೆದಿತ್ತೆಂದು ವಿಚಾರಣೆಯಲ್ಲಿ ಹೊರಬಿತ್ತು. ಇದು ಕಾರ್ಯದರ್ಶಿಯ ಕೆಲಸ, ನನ್ನದಲ್ಲ ಎಂಬ ನೆಲೆ ಮಂತ್ರಿಯದ್ದು. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ ಎಂದರು ಚಾಗ್ಲಾ. 1958ರ ಫೆಬ್ರವರಿಯಲ್ಲಿ ವರದಿ ಬಂತು, ಅದೇ ತಿಂಗಳು ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪ್ರಶ್ನೆ ಕೇಳಿದವರು ಆಳುವ ಪಕ್ಷದವರು, ಪ್ರಧಾನಿ ನೆಹರೂ ಅವರ ಅಳಿಯ. ಪಕ್ಷ, ನಂಟು ಎರಡೂ ಬಾಯಿ ಮುಚ್ಚಿಸಬಹುದಾಗಿದ್ದ ಕಡೆ ಅವರು ಕೇಳಿದರು.

ಕೃಷ್ಣಮಾಚಾರಿಯವರಿಗೆ ಪ್ರಶ್ನೆಯ ಬೆಲೆ ಅದಕ್ಕೂ ಮೊದಲೇ ಗೊತ್ತಿತ್ತು. 1951ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯ ಎಚ್.ಜಿ. ಮುದ್ಗಲ್ ಅವರು ಮುಂಬಯಿಯ ಚಿನ್ನ-ಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು ಸದನದಲ್ಲಿ ಪ್ರಶ್ನೆ ಕೇಳಿದರೆಂಬ ಆರೋಪ ಬಂದಾಗ, ತನಿಖೆಗೆ ನೇಮಕವಾದ ಸಮಿತಿಯ ಅಧ್ಯಕ್ಷರು ಅವರೇ. ಆರೋಪ ನಿಜವೆಂದು ಸಮಿತಿ ಹೇಳಿತು. ಸದನ ಉಚ್ಚಾಟಿಸುವ ಮೊದಲೇ ಮುದ್ಗಲ್ ರಾಜೀನಾಮೆ ಪತ್ರ ಕೊಟ್ಟರು. 2005ರ ಡಿಸೆಂಬರಿನಲ್ಲಿ ಇದೇ ತಪ್ಪಿಗಾಗಿ ಎರಡೂ ಸದನಗಳ 11 ಮಂದಿ ಸದಸ್ಯತ್ವ ಕಳೆದುಕೊಂಡರು. ಪ್ರಶ್ನೆಯನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ ಎಂದರೆ ಅದರಿಂದ ಏನೋ ಆಗುತ್ತದೆ ಎಂದೇ ಅರ್ಥ. ಕೆಲಸಕ್ಕೆ ಬಾರದ್ದಕ್ಕೆ ವರ್ತಕರು ಹಣ ಸುರಿಯುವುದಿಲ್ಲ.

ಫಿರೋಜ್ ಗಾಂಧಿಯವರದ್ದು ಇನ್ನೊಂದು ಕೆಲಸವೂ ಇದೆ. ಸದನದೊಳಗೆ ಆಡಿದ ಮಾತಿಗೆ ಸದಸ್ಯರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಆ ಮಾತನ್ನು ಅಚ್ಚುಹಾಕಿದ ಪತ್ರಿಕೆಗೆ ಅಂಥ ರಕ್ಷಣೆ ಇರಲಿಲ್ಲ. ಅವರು ಖಾಸಗಿ ಮಸೂದೆ ತಂದರು. 1956ರಲ್ಲಿ ಅದು ಕಾಯ್ದೆಯಾಯಿತು. ಸದನದ ಕಲಾಪವನ್ನು ಯಥಾವತ್ತಾಗಿ, ದುರುದ್ದೇಶವಿಲ್ಲದೆ ವರದಿ ಮಾಡಿದವರಿಗೆ ರಕ್ಷಣೆ ಸಿಕ್ಕಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರ ಪತ್ನಿ ಇಂದಿರಾ ಗಾಂಧಿಯವರ ಸರ್ಕಾರ ಆ ಕಾಯ್ದೆಯನ್ನು ರದ್ದುಪಡಿಸಿತು. 1977ರಲ್ಲಿ ಜನತಾ ಸರ್ಕಾರ ಮತ್ತೆ ತಂದಿತು.

ಇಂದಿನ ಲೋಕಸಭೆಯಲ್ಲಿ ಪ್ರಶ್ನೋತ್ತರದ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಯಾರದ್ದು ಯಾವ ಪಟ್ಟಿಗೆ ಸೇರುತ್ತದೆ, ಎಷ್ಟನೆಯದಾಗುತ್ತದೆ ಎಂಬುದು ಲಾಟರಿಯಿಂದ ತೀರ್ಮಾನವಾಗುತ್ತದೆ. ಚುಕ್ಕೆ ಗುರುತಿಲ್ಲದವಕ್ಕೆ ಬರಹದ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಅಂದರೆ ಬಹುಪಾಲು ಪ್ರಶ್ನೆಗಳು ಇವತ್ತಿಗೂ 1893ರ ಸ್ಥಿತಿಯಲ್ಲೇ ಇವೆ. ನಮ್ಮ ವಿಧಾನಸಭೆಯ ಪ್ರಶ್ನೋತ್ತರ ಪುಟಗಳನ್ನು ತಿರುವಿದವರಿಗೆ ಅಲ್ಲಿನ ಭಾಷೆ ಪರಿಚಿತ. ಇಂಥದ್ದು ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಪ್ರಶ್ನೆ, ‘ಬಂದಿದೆ’ ಅಥವಾ ‘ಬಂದಿಲ್ಲ’ ಎಂದು ಉತ್ತರ. ಬಂದಿಲ್ಲ ಎಂದರೆ ಮುಂದಿನ ಉಪಭಾಗಗಳಿಗೆಲ್ಲ ಒಂದೇ ಪದ: ‘ಉದ್ಭವಿಸುವುದಿಲ್ಲ’. ಮಂತ್ರಿಗಳು ಪರಿಶೀಲಿಸುತ್ತೇವೆ ಎಂದು ಹೇಳಿ ಮರೆಯುವುದನ್ನು ತಡೆಯಲು ಲೋಕಸಭೆ 1953ರಲ್ಲೇ ಸರ್ಕಾರಿ ಭರವಸೆಗಳ ಸಮಿತಿಯನ್ನು ಮಾಡಿಕೊಂಡಿತು. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕೆಂಬುದು ನಿಯಮ. ಆದರೆ ‘ಉದ್ಭವಿಸುವುದಿಲ್ಲ’ ಎಂಬಲ್ಲಿ ಭರವಸೆಯೇ ಇಲ್ಲವಲ್ಲ!

ಆ ಪದದ ಭಾರ ತಿಳಿದದ್ದು 2020ರ ಸೆಪ್ಟೆಂಬರಿನಲ್ಲಿ. ಕೋವಿಡ್ ಕಾರಣಕ್ಕೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. 1962ರ ಚೀನಾ ಯುದ್ಧದಲ್ಲೂ, 1975ರ ತುರ್ತು ಪರಿಸ್ಥಿತಿಯಲ್ಲೂ ಹೀಗೆ ಆಗಿತ್ತು. ವಿರೋಧ ಬಂದ ಮೇಲೆ ಲಿಖಿತ ಉತ್ತರಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಅಧಿವೇಶನದ ಮೊದಲ ದಿನ, ಸೆಪ್ಟೆಂಬರ್ 14ರಂದು, ಲಾಕ್‌ಡೌನಿನಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯ ಉತ್ತರಿಸಿತು: ಅಂಥ ಅಂಕಿಅಂಶವನ್ನು ಇಟ್ಟಿಲ್ಲ. ಸತ್ತವರ ಮನೆಯವರಿಗೆ ಪರಿಹಾರ ಕೊಡಲಾಗಿದೆಯೇ ಎಂಬ ಉಪಭಾಗಕ್ಕೆ: ಪ್ರಶ್ನೆ ಉದ್ಭವಿಸುವುದಿಲ್ಲ. ಊರಿಗೆ ಮರಳಿದವರ ಲೆಕ್ಕ ಮಾತ್ರ ಸಚಿವಾಲಯದಲ್ಲಿತ್ತು, ಒಂದು ಕೋಟಿಗೂ ಹೆಚ್ಚು. ಮರಳಿದವರನ್ನು ಎಣಿಸಿದವರು ಸತ್ತವರನ್ನು ಏಕೆ ಎಣಿಸಲಿಲ್ಲ ಎಂಬುದು ಸಹಜವಾಗಿ ಬರಬೇಕಾದ ಉಪಪ್ರಶ್ನೆ. ಎದ್ದುನಿಂತು ಅದನ್ನು ಕೇಳುವ ಅವಕಾಶ ಆ ದಿನ ಯಾರಿಗೂ ಇರಲಿಲ್ಲ.

ಅದೇ ವಾರ ರಾಜ್ಯಸಭೆಯಲ್ಲಿ ಇನ್ನೊಬ್ಬ ಸದಸ್ಯರು ಪ್ರಶ್ನೆಯನ್ನು ಬೇರೆ ಬಾಗಿಲಲ್ಲಿ ಇಟ್ಟರು. ಕೇಳಿದ್ದು ರೈಲ್ವೆ ಸಚಿವಾಲಯವನ್ನು, ಶ್ರಮಿಕ್ ರೈಲುಗಳಲ್ಲಿ ಸತ್ತವರ ಬಗ್ಗೆ ಮಾತ್ರ. ಉತ್ತರ ಬಂತು: ಸೆಪ್ಟೆಂಬರ್ 9ರವರೆಗೆ 97 ಮಂದಿ. ರಸ್ತೆಯಲ್ಲಿ ನಡೆಯುತ್ತಾ ಸತ್ತವರು ಈ ಲೆಕ್ಕದಲ್ಲಿಲ್ಲ. ಆದರೂ ಸರ್ಕಾರದ ಬಾಯಿಂದ ಒಂದು ಸಂಖ್ಯೆ ಹೊರಟಿತು, ಅದೀಗ ಸಂಸತ್ತಿನ ದಾಖಲೆ.

ಪ್ರಶ್ನೋತ್ತರ ವೇಳೆ 2021ರ ಬಜೆಟ್ ಅಧಿವೇಶನದಲ್ಲಿ ಮರಳಿತು. ಲೋಕಸಭೆ, ರಾಜ್ಯಸಭೆ, ಕರ್ನಾಟಕದ ಎರಡೂ ಸದನಗಳ ಪ್ರಶ್ನೋತ್ತರಗಳು ಈಗ ಯಾರು ಬೇಕಾದರೂ ಓದುವಂತೆ ಜಾಲತಾಣಗಳಲ್ಲಿವೆ. ಚರಿತ್ರೆಯ ವಿದ್ಯಾರ್ಥಿಗಳು ಅಲ್ಲಿ ಒಮ್ಮೆ ಹೊಕ್ಕು, ತಮ್ಮ ಕ್ಷೇತ್ರದ ಪ್ರತಿನಿಧಿ ಏನೇನು ಕೇಳಿದ್ದಾರೆಂದು ನೋಡಬೇಕು. ಶಾಲೆಯ ಕೊಠಡಿ, ಕುಡಿಯುವ ನೀರು, ಖಾಲಿ ಬಿದ್ದ ಡಾಕ್ಟರರ ಹುದ್ದೆ, ಕೆರೆಯ ಒತ್ತುವರಿ ಎಲ್ಲವೂ ಅಲ್ಲಿ ಸಿಗುತ್ತವೆ. ‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಕಂಡಲ್ಲಿ ತುಸು ನಿಂತು, ಆಗ ಕೇಳಬೇಕಾಗಿದ್ದ ಉಪಪ್ರಶ್ನೆ ಯಾವುದು ಎಂದು ಬರೆದುಕೊಳ್ಳಲಿ. ಮುಂದಿನ ಅಧಿವೇಶನದೊಳಗೆ ಅದನ್ನು ತಮ್ಮ ಪ್ರತಿನಿಧಿಗೆ ಕಳಿಸಬಹುದು.