ನಾಳವಿಲ್ಲದ ಗಿಡ ಮತ್ತು ನಮ್ಮ ಸ್ವಾಮಿ ಮೇಷ್ಟ್ರು

ಚೆನ್ನೈಗೆ ಬಂದು ಇಪ್ಪತ್ತೇಳು ವರ್ಷವಾಯ್ತು. ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜನ್ನು ದಾಟುವಾಗೆಲ್ಲ ಬಿ.ಜಿ.ಎಲ್. ಸ್ವಾಮಿ ನೆನಪಾಗುತ್ತಾರೆ. ಡಿ.ವಿ.ಜಿ.ಯವರ ಮಗ, 'ಹಸುರು ಹೊನ್ನು'ಗೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಈ ಕಾಲೇಜಿನಲ್ಲೇ ಪ್ರೊಫೆಸರ್ ಆಗಿ, ಪ್ರಿನ್ಸಿಪಾಲರೂ ಆದವರು. ಇಷ್ಟು ನನಗೆ ಗೊತ್ತಿತ್ತು. ಮೊನ್ನೆ ಬಾಟನಿ ಓದುವ ಮಗಳು ಕೇಳಿದಳು, "ಅಪ್ಪಾ, ಅವರು ಬಾಟನಿಯಲ್ಲಿ ಏನು ಕಂಡುಹಿಡಿದ್ರು?" ಬಿ.ಕಾಂ. ಮುಗಿಸಿ ಲೆಡ್ಜರ್ ಹಿಡಿದವನಿಗೆ ಬಾಯಿ ಕಟ್ಟಿತು. ಅವತ್ತಿನಿಂದ ಓದುತ್ತಾ ಕೂತೆ.

ಕಥೆ ಬಹಳ ಹಿಂದೆ ಶುರುವಾಗುತ್ತದೆ. 1670ರ ದಶಕದಲ್ಲಿ ಇಟಲಿಯ ಮಾಲ್ಪೀಗಿ ಗಿಡದ ಕಾಂಡ ಸೀಳಿ ನೋಡಿದಾಗ ಸುರುಳಿ ಸುತ್ತಿದ ಕೊಳವೆಗಳು ಕಂಡವು. ಹುಳುಗಳ ಉಸಿರು ಕೊಳವೆ ಹಾಗೇ ಇವೆಯಲ್ಲ ಅಂದುಕೊಂಡು ಅದೇ ಹೆಸರಿಟ್ಟ: ಟ್ರೇಕಿಯಾ. ತಪ್ಪು ಊಹೆ, ಆದರೆ ಹೆಸರು ಉಳಿಯಿತು. ನೀರು ಹೊತ್ತೊಯ್ಯುವ ಈ ಅಂಗಾಂಶಕ್ಕೆ ಕ್ಸೈಲಮ್, ಆಹಾರ ಸಾಗಿಸುವುದಕ್ಕೆ ಫ್ಲೋಯಮ್ ಎಂದು 1858ರಲ್ಲಿ ಹೆಸರು ಕೊಟ್ಟವನು ನೇಗೆಲಿ.

ಕ್ಸೈಲಮ್‌ನಲ್ಲಿ ನೀರು ಹರಿಯುವ ಜೀವಕೋಶಗಳು ಎರಡು ಜಾತಿ. ಎರಡೂ ಒಂದೇ ರೀತಿ ತಯಾರಾಗುತ್ತವೆ. ಎಳೆಯ ಕೋಶ ಉದ್ದಕ್ಕೆ ಬೆಳೆದು, ಗೋಡೆಗೆ ಲಿಗ್ನಿನ್ ಬಳಿದುಕೊಂಡು, ಆಮೇಲೆ ತನ್ನ ಒಳಗನ್ನೆಲ್ಲ ತಾನೇ ಜೀರ್ಣಿಸಿಕೊಂಡು ಸಾಯುತ್ತದೆ. ಸತ್ತ ಮೇಲೇ ಅದರ ಡ್ಯೂಟಿ! (ನಮ್ಮಲ್ಲಿ ರಿಟೈರಾದ ಮೇಲೆ ಕೆಲಸ ಮಾಡುವವರಿದ್ದಾರೆ, ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ.) ವ್ಯತ್ಯಾಸ ಇರುವುದು ತುದಿಯಲ್ಲಿ. ಟ್ರೇಕೀಡ್‌ನ ತುದಿ ಮುಚ್ಚಿರುತ್ತದೆ, ನೀರು ಗೋಡೆಯ ಸಣ್ಣ ಕುಳಿಗಳ ಪೊರೆಯ ಮೂಲಕ ಜಿನುಗಬೇಕು. ನಾಳದ ಕೋಶಗಳಲ್ಲಿ ತುದಿಗೋಡೆ ಕರಗಿ, ಒಂದರ ಮೇಲೊಂದು ಕೂತು ಪೈಪು ಆಗುತ್ತದೆ. ಸಾಮಾನ್ಯವಾಗಿ ಟ್ರೇಕೀಡ್‌ಗಿಂತ ಅಗಲವೂ ಹೆಚ್ಚು. ಅಗಲ ಎರಡರಷ್ಟಾದರೆ ಹರಿವು ಹದಿನಾರರಷ್ಟು. ಪೈನ್, ದೇವದಾರುಗಳಿಗೆ ಟ್ರೇಕೀಡ್ ಮಾತ್ರ. ಹೂ ಬಿಡುವ ಗಿಡಗಳಲ್ಲಿ ಹೆಚ್ಚಿನವಕ್ಕೆ ನಾಳ ಉಂಟು.

ಹಾರ್ವರ್ಡ್‌ನ ಇರ್ವಿಂಗ್ ಬೈಲಿ ಎಷ್ಟೋ ಮರಗಳ ಕಟ್ಟಿಗೆ ಕೊಯ್ದು ನೋಡಿ, ಟ್ರೇಕೀಡ್ ಮೊದಲು, ನಾಳ ಆಮೇಲೆ ಅಂತ ವಾದಿಸಿದವರು. ಹಾಗಿದ್ದರೆ ನಾಳವಿಲ್ಲದ ಹೂಗಿಡಗಳು ಹಳೇ ಕಾಲದ ಕುಳಗಳು. ಅಂಥವು ಬೆರಳೆಣಿಕೆಯಷ್ಟು. 1940ರ ದಶಕದ ಕೊನೆಗೆ ನಮ್ಮ ಸ್ವಾಮಿ ಅವರ ಹತ್ತಿರ ಹೋದರು. 1950ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು: ಸಾರ್ಕ್ಯಾಂಡ್ರಾ ಎಂಬ ಪೊದೆಗಿಡದಲ್ಲಿ ನಾಳವಿಲ್ಲ! ಅದರ ದಾಯಾದಿ ಕ್ಲೋರಾಂತಸ್‌ನಲ್ಲಿ ಇದೆ, ಇದರಲ್ಲಿ ಇಲ್ಲ. ಒಂದೇ ಮನೆತನದಲ್ಲಿ ಹೀಗಾದರೆ, ನಾಳ ಒಂದೇ ಸಲ ಹುಟ್ಟಿದ್ದಲ್ಲ, ಬೇರೆ ಬೇರೆ ಕಡೆ ಮತ್ತೆ ಮತ್ತೆ ಹುಟ್ಟಿತು ಎಂಬ ಮಾತಿಗೆ ಬಲ ಬಂತು. ಗಮ್ಮತ್ತೆಂದರೆ ಈ ಕುಲದ ಗಿಡ ನಮ್ಮ ದಕ್ಷಿಣದ ಬೆಟ್ಟಗಳಲ್ಲೂ ಇದೆ. ಅದರ ಒಂದು ಪ್ರಭೇದಕ್ಕೆ ಸ್ವಾಮಿ ಗುರುವಿನ ಹೆಸರನ್ನೇ ಇಟ್ಟರು, ಸಾರ್ಕ್ಯಾಂಡ್ರಾ ಇರ್ವಿಂಗ್‌ಬೈಲಿಯೈ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಗಳು ಮುಂದಿನದನ್ನೂ ಹುಡುಕಿ ತಂದಳು. 1987ರಲ್ಲಿ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಸಾರ್ಕ್ಯಾಂಡ್ರಾದ ಬೇರಿನ ಕಟ್ಟಿಗೆಯಲ್ಲಿ ನಾಳಗಳನ್ನು ತೋರಿಸಿದರು. ಏಣಿಯ ಮೆಟ್ಟಿಲಿನಂಥ ಅಡ್ಡಪಟ್ಟಿ ತುಂಬಿದ ತುದಿಗಳು. ಅವುಗಳ ನಡುವೆ ಪೊರೆ ಇದೆಯೋ ಕರಗಿದೆಯೋ ಹೇಳುವುದೇ ಕಷ್ಟ.

ನನಗೆ ಬೇಜಾರಾಯಿತು, ನಿಜ ಹೇಳುತ್ತೇನೆ. ಬರೆದಿಟ್ಟ ಎಂಟ್ರಿಯನ್ನು ಯಾರೋ ರಿವರ್ಸ್ ಮಾಡಿದ ಹಾಗೆ. ಆದರೆ ನಮ್ಮ ಪುಸ್ತಕಗಳಲ್ಲೂ ರಿವರ್ಸ್ ಆದ ಎಂಟ್ರಿಯನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬರೆಯುತ್ತೇವೆ. ಸಾರ್ಕ್ಯಾಂಡ್ರಾ ಕೈಕೊಟ್ಟಿತೆಂದು ಬೈಲಿಯವರ ವಾದ ಪೂರ್ತಿ ಬೀಳಲಿಲ್ಲ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಆಂಬೊರೆಲ್ಲಾ ಎಂಬ ಪೊದೆ ಹೂಗಿಡಗಳ ವಂಶವೃಕ್ಷದ ತೀರ ಬುಡದ ಕೊಂಬೆ ಎಂದು 1999ರಲ್ಲಿ ಡಿಎನ್ಎ ಲೆಕ್ಕ ಹೇಳಿತು. ಅದರಲ್ಲಿ ನಾಳವಿಲ್ಲ. ಇನ್ನು ಕೆಲವು ಗಿಡಗಳು ಇದ್ದ ನಾಳವನ್ನೇ ಕಳೆದುಕೊಂಡಿರಬಹುದು ಎನ್ನುವವರೂ ಇದ್ದಾರೆ, ಜಗಳ ಮುಗಿದಿಲ್ಲ.

ಸ್ವಾಮಿ 1980ರಲ್ಲೇ ತೀರಿಕೊಂಡರು. ಕಾರ್ಲ್‌ಕ್ವಿಸ್ಟರ ಲೇಖನ ಅವರ ಕೈಗೆ ಬಂದಿದ್ದರೆ, ಮೊದಲು ಬ್ಲೇಡು ಹುಡುಕಿ ಬೇರು ಕೊಯ್ಯಲು ಕೂರುತ್ತಿದ್ದರು ಅಂತ ಮಗಳ ಅಭಿಪ್ರಾಯ. ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡು ಒಂದು ಪ್ರಬಂಧ ಬರೆಯುತ್ತಿದ್ದರು ಅಂತ ನನ್ನದು.