ಗರಡಿಯ ಮಟ್ಟಿಯಿಂದ ಮನೆಯ ಕೋಣೆಗೆ: ದಂಡ–ಬಸ್ಕಿಗಳ ಹಿಂದಿನ ಕಥೆ

2020ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಗೆ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ಮುಂಬಯಿಯ ನಾವೆಲ್ಲ ಹೇಗೆ ಕಾಲ ಕಳೆದೆವೆಂಬುದು ಓದುಗರಿಗೆ ನೆನಪಿದ್ದೇ ಇದೆ. ಲೋಕಲ್ ಗಾಡಿಯಿಲ್ಲ, ಬೆಳಗಿನ ತಿರುಗಾಟವಿಲ್ಲ. ಅಂಥ ಒಂದು ಮುಂಜಾನೆ ನಮ್ಮ ಮೊಮ್ಮಗ ಹಾಲಿನ ನಡುವೆ ಚಾಪೆ ಹಾಸಿ, ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಏನೋ ಕಸರತ್ತು ನಡೆಸಿದ್ದ. ಸೊಂಟವನ್ನು ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರುವಂತೆ ಮುಂದಕ್ಕೆ ಜಾರಿಸಿ, ಹಾವಿನ ಹೆಡೆಯಂತೆ ತಲೆಯೆತ್ತುತ್ತಿದ್ದ.

"ಏನ್ ಮಾಡಾಕತ್ತೀಯಪಾ ಇದು?" ಎಂದೆವು.

"ಹಿಂದೂ ಪುಶ್-ಅಪ್, ಅಜ್ಜಾ. ಪರದೇಶದಾಂವ ಒಬ್ಬಾಂವ ಫೋನಿನ್ಯಾಗ ಕಲಸ್ತಾನ."

ನಮಗೆ ನಗು ಬಂದಿತು. ಅದರ ಹಿಂದೆಯೇ ಒಂದಿಷ್ಟು ಸಂಕಟವೂ ಆಯಿತು. ನಾವು ಹುಡುಗರಾಗಿದ್ದಾಗ ನಮ್ಮೂರ ಗರಡಿಮನೆಯಲ್ಲಿ ಬೆಳಗಿನ ಜಾವ ಉಸ್ತಾದರ ಕಣ್ಣೆದುರು ಹೊಡೆಯುತ್ತಿದ್ದ ದಂಡವೇ ಅದು! ಊರು ಬಿಟ್ಟು ಬಂದ ನಾವು ಭಾಷೆಯನ್ನು ತಂದೆವು, ಅಡಿಗೆಯನ್ನು ತಂದೆವು, ಯಕ್ಷಗಾನ–ನಾಟಕಗಳನ್ನು ತಂದೆವು. ದಂಡವನ್ನು ಮಾತ್ರ ಊರಿನಲ್ಲೇ ಮರೆತು ಬಂದೆವು. ಅದು ಹಡಗು, ವಿಮಾನ ಹತ್ತಿ ಲೋಕ ಸುತ್ತಿ, ಬೇರೊಂದು ಹೆಸರಿನಿಂದ ನಮ್ಮ ಮನೆಯನ್ನೇ ಹುಡುಕಿಕೊಂಡು ಬಂದಿತ್ತು. ಈ ವ್ಯಾಯಾಮಗಳ ಪೂರ್ವೇತಿಹಾಸವನ್ನು ಓದುಗರ ಮುಂದಿಡಬೇಕೆನ್ನಿಸಿದ್ದು ಅಂದಿನಿಂದ.

ಕನ್ನಡನಾಡಿನ ಮಟ್ಟಿಗೆ ಈ ಕಥೆಯನ್ನು ಕಲ್ಯಾಣದಿಂದ ಆರಂಭಿಸುವುದು ಯುಕ್ತ. 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ 'ಭೂಲೋಕಮಲ್ಲ' ಎಂಬ ಬಿರುದಿತ್ತು. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ನಡುವೆ ಮಲ್ಲವಿನೋದಕ್ಕೂ ಸ್ಥಾನ ದೊರೆತಿದೆ. ಜಟ್ಟಿಗಳ ದರ್ಜೆಗಳು, ಅವರ ಆಹಾರ, ಅವರ ಸಾಧನೆಯ ಕ್ರಮ ಎಲ್ಲವೂ ಅಲ್ಲಿವೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬವನ್ನು ಹಿಡಿದು ಸಾಮು ಮಾಡುವುದು—ಹೀಗೆ ಶ್ರಮದ ಬಗೆಗಳನ್ನೇ ಬೇರೆ ಬೇರೆಯಾಗಿ ಹೇಳಿದೆ. ದೇಹವನ್ನು ಕಟ್ಟುವುದಕ್ಕೆ ಒಂದು ಕ್ರಮ ಬೇಕು, ದಿನಚರಿ ಬೇಕು ಎಂಬ ತಿಳಿವಳಿಕೆ ನಮ್ಮ ನಾಡಿನಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆ ಬರಹಕ್ಕಿಳಿದಿತ್ತೆಂಬುದು ಸಣ್ಣ ಮಾತಲ್ಲ.

ಆ ಪರಂಪರೆ ಗರಡಿಮನೆಗಳಲ್ಲಿ ಬೆಳೆದು ಬಂದಿತು. ಮೈಸೂರಿನ ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳನ್ನು ಅರಸರು ಪೋಷಿಸಿದರು. ತುಳುನಾಡಿನಲ್ಲಿ ಗರಡಿಯು ಕೋಟಿ–ಚೆನ್ನಯರ ನೆನಪಿನೊಡನೆ ಬೆರೆತು ಆರಾಧನೆಯ ಸ್ಥಳವೇ ಆಯಿತು. ಉತ್ತರ ಕರ್ನಾಟಕದ ಪೈಲ್ವಾನರ ಕಣ್ಣು ಕೊಲ್ಲಾಪುರದ ಕಡೆಗಿತ್ತು. ಅಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯವಿತ್ತು, 1912ರಲ್ಲಿ ಖಾಸಬಾಗ್ ಮೈದಾನವನ್ನು ಕಟ್ಟಿಸಿದರು. ಮುಂಬಯಿಯ ಗಿರಣಿಗಳ ಓಣಿಗಳಲ್ಲೂ ಕಾರ್ಮಿಕರ ತಾಲೀಮುಗಳಿದ್ದವು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. 'ದಂಡ' ಸಂಸ್ಕೃತದ್ದು, 'ಬೈಠಕ್' ಹಿಂದಿಯದು, 'ಉಸ್ತಾದ' ಪಾರಸಿಯದು, 'ತಾಲೀಮು' ಅರಬ್ಬಿಯದು. ಕುಸ್ತಿಯ ಮಣ್ಣಿನಲ್ಲಿ ಹಿಂದೂ, ಮುಸಲ್ಮಾನ ಎಂಬ ಭೇದ ಹೆಚ್ಚಾಗಿ ಉಳಿಯಲಿಲ್ಲ. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಗಳಿಸಿ ಬಂದ ಗಾಮಾ ಪೈಲ್ವಾನರು ದಂಡ–ಬೈಠಕ್‌ಗಳಿಂದಲೇ ಬೆಳೆದವರು. ಆದುದರಿಂದ ಪರದೇಶದವರು ಇಟ್ಟಿರುವ 'ಹಿಂದೂ ಪುಶ್-ಅಪ್' ಎಂಬ ಹೆಸರು ಅರ್ಧ ಮಾತ್ರ ಸರಿ ಎನ್ನಬೇಕಾಗುತ್ತದೆ.

ಆದರೆ ಗರಡಿಗೆ ಒಂದು ಮಿತಿಯೂ ಇತ್ತು. ಅಲ್ಲಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಪೈಲ್ವಾನನಾಗುವ ಹಂಬಲವಿಲ್ಲದ ಗುಮಾಸ್ತನಿಗೆ, ಶಾಲೆಯ ಮಾಸ್ತರನಿಗೆ ಅಲ್ಲಿ ಕೆಲಸವೂ ಇರಲಿಲ್ಲ. ವ್ಯಾಯಾಮವು ಗರಡಿಯ ಹೊಸ್ತಿಲು ದಾಟಿ ಮನೆಯೊಳಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ. ಅದನ್ನು ತಂದವರಲ್ಲಿ ಇಬ್ಬರನ್ನು ಮುಖ್ಯವಾಗಿ ನೆನೆಯಬೇಕು.

ಮೊದಲನೆಯವರು ಔಂಧ್ ಸಂಸ್ಥಾನದ ರಾಜರಾದ ಭವಾನರಾವ್ ಪಂತ ಪ್ರತಿನಿಧಿಯವರು (1868–1951). ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ನೆಲ ಕೊಟ್ಟು ಕಿರ್ಲೋಸ್ಕರವಾಡಿಗೆ ಕಾರಣರಾದವರು ಇವರೇ. ಜರ್ಮನಿಯ ಸ್ಯಾಂಡೋ ಎಂಬ ಜಗಜಟ್ಟಿಯ ಹೆಸರು ಆ ಕಾಲದಲ್ಲಿ ಮನೆಮಾತಾಗಿತ್ತು. 1904–05ರಲ್ಲಿ ಅವನು ಹಿಂದುಸ್ಥಾನಕ್ಕೂ ಬಂದು ಹೋಗಿದ್ದ. ಔಂಧ್ ರಾಜರೂ ಮೊದಲು ಅವನ ಪದ್ಧತಿಯನ್ನೇ ಅಭ್ಯಾಸ ಮಾಡಿದ್ದವರು. ಆಮೇಲೆ ಅವರು ಸೂರ್ಯನಮಸ್ಕಾರದ ಕಡೆಗೆ ತಿರುಗಿದರು. ತಾವು ಮಾಡಿದ್ದಲ್ಲದೆ ಮನೆಯವರಿಂದ ಮಾಡಿಸಿದರು, ಸಂಸ್ಥಾನದ ಶಾಲೆಗಳಲ್ಲಿ ಜಾರಿಗೆ ತಂದರು. 1928ರಲ್ಲಿ ಅದರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1938ರಲ್ಲಿ ಅದರ ಹೊಸ ರೂಪ ಲಂಡನ್ನಿನಲ್ಲಿ ಅಚ್ಚಾಯಿತು. ಸಲಕರಣೆ ಬೇಡ, ಮೈದಾನ ಬೇಡ, ಗಂಡಸರು–ಹೆಂಗಸರು–ಮಕ್ಕಳೆಂಬ ಭೇದ ಬೇಡ ಎಂಬುದು ಅವರ ವಾದದ ತಿರುಳು. ಸೂರ್ಯನಮಸ್ಕಾರವನ್ನು ಕಂಡವರಿಗೆ ಅದರಲ್ಲಿ ದಂಡದ ಚಲನೆ ಅಡಗಿರುವುದು ತಾನಾಗಿಯೇ ಹೊಳೆಯುತ್ತದೆ. ಅಂದಿನ ಅನೇಕರು ಅದನ್ನು ವ್ಯಾಯಾಮವೆಂದು ಬಗೆದಿದ್ದರೇ ಹೊರತು ಯೋಗಾಸನವೆಂದಲ್ಲ. ಯೋಗದ ತರಗತಿಗಳಲ್ಲಿ ಅದು ಬೆರೆತುಹೋದದ್ದು ಆಮೇಲಿನ ಸಂಗತಿ.

ಎರಡನೆಯವರು ನಮ್ಮವರೇ ಆದ ಕೆ. ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಅವರನ್ನು ಬಲ್ಲ ಕನ್ನಡಿಗರು ಬಹಳ. ಕೈಲಾಸಂ ಅವರ ಆಪ್ತ ಮಿತ್ರರೆಂದು ಬಲ್ಲವರೂ ಉಂಟು. ಆದರೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಭಾರ ಎತ್ತುವ ಪಾಶ್ಚಾತ್ಯ ಕ್ರಮವನ್ನೂ ನಮ್ಮ ಆಸನಗಳನ್ನೂ ಕೂಡಿಸಿದ ಸಾಹಸಿ ಅವರೆಂಬುದು ಇಂದಿನ ಹುಡುಗರಿಗೆ ತಿಳಿಯದು. 1930ರಲ್ಲಿ ಅವರು ಅಂಗಸಾಧನೆಯ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೂ ಬರೆದರು. ಅದಕ್ಕಿಂತ ಹೆಚ್ಚಿನದೆಂದರೆ, ಅವರು ಅಂಚೆಯ ಮೂಲಕ ಪಾಠ ಹೇಳಿದರು! ವ್ಯಾಯಾಮಶಾಲೆಗೆ ಬರಲಾಗದ ದೂರದ ಊರಿನ ಯುವಕನಿಗೆ ಟಪ್ಪಾಲಿನಲ್ಲಿ ಪಾಠ ಹೋಗುತ್ತಿತ್ತು. ಅವನು ತನ್ನ ಕೋಣೆಯಲ್ಲೇ ಸಾಧನೆ ಮಾಡಬೇಕಾಗಿತ್ತು. ಮೊಬೈಲನ್ನು ಗೋಡೆಗೆ ಒರಗಿಸಿಕೊಂಡ ನಮ್ಮ ಮೊಮ್ಮಗನು ಆ ಟಪ್ಪಾಲು ಶಿಷ್ಯರ ವಂಶದವನೇ ಅಲ್ಲವೇ? ಅಯ್ಯರರು 1980ರಲ್ಲಿ ತೀರಿಕೊಂಡರು.

ಇದೇ ಕಾಲಕ್ಕೆ ಮೈಸೂರಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಪಾಠ ಹೇಳುತ್ತಿದ್ದರು. ಅವರ 'ಯೋಗಮಕರಂದ' ಮೊದಲು ಅಚ್ಚಾದದ್ದು 1934ರಲ್ಲಿ, ಕನ್ನಡದಲ್ಲಿ. ಅವರ ಪದ್ಧತಿಯಲ್ಲಿ ಆಸನದಿಂದ ಆಸನಕ್ಕೆ ಸಾಗುವ ಹಾರಾಟ, ಜಾರಾಟಗಳಲ್ಲಿ ಗರಡಿಯ ದಂಡದ ಛಾಯೆಯಿದೆಯೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಪರಂಪರೆಯವರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ವಾದ ಹಾಗಿರಲಿ. ಆಚಾರ್ಯರ ಶಿಷ್ಯರೂ ಭಾವಮೈದುನರೂ ಆದ ಬಿ. ಕೆ. ಎಸ್. ಅಯ್ಯಂಗಾರರ (1918–2014) ಬಾಳು ಮಾತ್ರ ವಾದಕ್ಕೆ ಅತೀತವಾದದ್ದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯ, ಟೈಫಾಯಿಡ್, ಕ್ಷಯಗಳಿಂದ ಜರ್ಜರಿತರಾದ ಆ ಹುಡುಗ 1937ರಲ್ಲಿ ಪಾಠ ಹೇಳಲೆಂದು ಪುಣೆಗೆ ಬಂದ. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಪರಊರು ಸೇರಿದ ಕನ್ನಡಿಗ! ಅಲ್ಲೇ ನೆಲೆಯೂರಿ ಲೋಕಕ್ಕೇ ಗುರುವಾದರು.

ಇಷ್ಟೆಲ್ಲ ಆದರೂ ಬಸ್ಕಿಗೆ ಬಂದ ಗತಿಯನ್ನು ನೆನೆದರೆ ಮರುಕವೆನಿಸುತ್ತದೆ. ಪೈಲ್ವಾನನ ತೊಡೆಗೆ ಬಲ ಕೊಟ್ಟ ಸಾಧನೆ ನಮ್ಮ ಶಾಲೆಗಳಲ್ಲಿ ಶಿಕ್ಷೆಯಾಗಿ ಇಳಿಯಿತು. ಮಗ್ಗಿ ಬಾರದಿದ್ದರೆ ಕಿವಿ ಹಿಡಿದು ಇಪ್ಪತ್ತು ಬಸ್ಕಿ! ಯಾವುದನ್ನು ಅವಮಾನದೊಡನೆ ಕಲಿಸಿದರೋ ಅದನ್ನು ಪ್ರೀತಿಯಿಂದ ಯಾರು ಮಾಡುವರು? ನಾವು ಮರೆತುದರಲ್ಲಿ ಈ ತಪ್ಪಿನ ಪಾಲೂ ಇದೆಯೆಂದು ನಮ್ಮ ಎಣಿಕೆ.

ಇಂದಿನ ವೈದ್ಯಶಾಸ್ತ್ರವಾದರೋ ಗರಡಿಯ ಕಡೆಗೇ ಕೈ ತೋರುತ್ತಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಶ್ರಮವನ್ನೂ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ವಯಸ್ಸು ಏರಿದಂತೆ ಸ್ನಾಯು ಕರಗುತ್ತದೆ. ನಡಿಗೆಯೊಂದರಿಂದ ಅದನ್ನು ತಡೆಯಲಾಗದು. ದೇಹದ ಭಾರವನ್ನೇ ದೇಹ ಎತ್ತಿದರೆ ಎದೆ, ತೋಳು, ಬೆನ್ನು, ತೊಡೆಗಳಿಗೆ ಬೇಕಾದ ಶ್ರಮ ದೊರೆಯುತ್ತದೆ. ಅದನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಬೇಕು. ನಮ್ಮ ಉಸ್ತಾದರು ಎಣಿಕೆಯನ್ನು ಏರಿಸುತ್ತಿದ್ದುದರ ಮರ್ಮವೂ ಇದೇ. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಬೊಜ್ಜೇ ಕರಗುತ್ತದೆಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ಅದು ಊಟದ ತಟ್ಟೆಯ ಲೆಕ್ಕ.

ಪ್ರಾರಂಭಿಸುವವರು ಗೋಡೆಗೆ ಅಂಗೈ ಊರಿ ದಂಡ ತೆಗೆಯಬಹುದು. ಅದು ಸುಲಭವಾದ ಮೇಲೆ ಕಟ್ಟೆಗೆ, ಆಮೇಲೆ ನೆಲಕ್ಕೆ ಇಳಿಯಬಹುದು. ಬಸ್ಕಿಗೆ ಕುರ್ಚಿಯ ಆಸರೆ ಸಾಕು: ಕುಳಿತಂತೆ ಮಾಡಿ ಏಳುವುದು. ಮಂಡಿ, ಹೃದಯ, ರಕ್ತದೊತ್ತಡಗಳ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಆ ಮುಂಜಾನೆ ನಾವು ಮೊಮ್ಮಗನಿಗೆ ಹೇಳಿದ್ದು ಇಷ್ಟೇ: "ಇದರ ಹೆಸರು ದಂಡ, ತಮ್ಮಾ. ನಮ್ಮೂರಿಂದು." ಅವನು ನಂಬದೆ ಫೋನನ್ನೂ ನಮ್ಮನ್ನೂ ನೋಡಿದ. ಆಗ ಪಂಚೆಯನ್ನು ಮೇಲಕ್ಕೆ ಕಟ್ಟಿ ಒಂದನ್ನು ಮಾಡಿ ತೋರಿಸಬೇಕಾಯಿತು. ಎರಡನೆಯದಕ್ಕೆ ಉಸಿರು ಸಾಲಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಅಂದಿನಿಂದ ಗೋಡೆಯ ಪಾಠದಿಂದಲೇ ಮತ್ತೆ ತೊಡಗಿದ್ದೇವೆ. ಹುಡುಗ ಎಣಿಸುತ್ತಾನೆ, ಅಂಕಿಗಳನ್ನು ಕನ್ನಡದಲ್ಲೇ ಹೇಳಬೇಕೆಂಬ ಕರಾರಿನ ಮೇಲೆ. ಇಪ್ಪತ್ತರ ಆಚೆಗೆ ಅವನಿಗೆ ಕನ್ನಡದ ಎಣಿಕೆ ತಡವರಿಸುತ್ತದೆ. ಅಷ್ಟರಲ್ಲಿ ನಮಗೂ ದಣಿವಾಗಿರುತ್ತದೆ. ಇಬ್ಬರೂ ಸ್ವಲ್ಪ ಸ್ವಲ್ಪ ಮುಂದೆ ಹೋಗುತ್ತಿದ್ದೇವೆ.