ಗದುಗಿನ ಅಚ್ಚುಮೊಳೆ, ಗಣಕದ ತಲೆಕಟ್ಟು

ಗದಗ-ಬೆಟಗೇರಿಯ ಹೆಸರೆತ್ತಿದೊಡನೆ ವೀರನಾರಾಯಣನ ಗುಡಿಯೂ ಕುಮಾರವ್ಯಾಸನೂ ನೆನಪಾಗುವುದು ಸಹಜವೇ ಆದರೂ, ಉತ್ತರ ಕರ್ನಾಟಕದಲ್ಲಿ ಶಾಲೆಗೆ ಹೋದ ಬಹುಮಂದಿಗೆ ಈ ಅವಳಿನಗರದ ಪರಿಚಯವಾದದ್ದು ಪಠ್ಯಪುಸ್ತಕದ ರಕ್ಷಾಪುಟದ ಮೇಲೆ ಅಚ್ಚಾಗಿರುತ್ತಿದ್ದ ಪ್ರಕಾಶಕರ ವಿಳಾಸದಿಂದ. ಸ್ವಾತಂತ್ರ್ಯಕ್ಕೆ ಮುನ್ನ ಮುಂಡರಗಿಯು ಬ್ರಿಟಿಷರ ಧಾರವಾಡ ಜಿಲ್ಲೆಗೂ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿಯ ಅರಸರಿಗೂ ಸೇರಿದ್ದು, ಹತ್ತಿರಹತ್ತಿರದ ಊರುಗಳೇ ಮೂರು ಪ್ರಭುತ್ವಗಳಿಗೆ ತೆರಿಗೆ ತೆರುತ್ತಿದ್ದ ಆ ಸೀಮೆಯಲ್ಲಿ, 1884ರಲ್ಲಿ ರೈಲು ಕಂಡ ಗದಗು ಅರಳೆಗೆ ಹೇಗೋ ಕಾಲಕ್ರಮದಲ್ಲಿ ಅಚ್ಚಿಗೂ ಹಾಗೆಯೇ ಪೇಟೆಯಾಯಿತು. ಶಾಬಾದಿಮಠ, ಸಂಕೇಶ್ವರ ಮೊದಲಾದ ಮನೆತನಗಳ ಹೆಸರುಗಳು ಓದುಗರ ಬಾಯಲ್ಲಿ ನೆಲೆಸಿದ್ದು ಈ ಉದ್ಯಮದಿಂದಲೇ.

ಕನ್ನಡದ ಮೊಳೆ ಜೋಡಿಸುವುದು ಸಾಮಾನ್ಯ ವಿದ್ಯೆಯಾಗಿರಲಿಲ್ಲ. ಇಂಗ್ಲಿಷಿನ ಕಂಪೋಜಿಟರನು ಇಪ್ಪತ್ತಾರು ಅಕ್ಷರಗಳ ಚಿಕ್ಕ ದೊಡ್ಡ ರೂಪಗಳಲ್ಲಿ ಕೆಲಸ ಮುಗಿಸುತ್ತಿದ್ದರೆ, ನಮ್ಮವನು ಗುಣಿತಾಕ್ಷರಗಳಿಗೆ, ಒತ್ತುಗಳಿಗೆ, ದೀರ್ಘಕ್ಕೆ, ಅರ್ಕಾವೊತ್ತಿಗೆ ಬೇರೆಬೇರೆ ಮನೆಗಳುಳ್ಳ ಕೇಸುಗಳ ಮುಂದೆ ನಿಂತು, ಕನ್ನಡಿಯ ಬಿಂಬದಂತೆ ತಿರುಗಿ ನಿಂತ ಅಕ್ಷರಗಳನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ಗುರುತಿಸಿ ಎತ್ತಬೇಕಾಗಿತ್ತು. ಅಕ್ಷರವೆಂದರೆ ಬಿಡಿ ತುಣುಕುಗಳ ಕೂಟವೆಂಬ ಈ ತಿಳಿವಳಿಕೆಯೇ ಮುಂದೆ ಗಣಕಕ್ಕೂ ಬೇಕಾಯಿತು.

ಗೃಹಗಣಕಗಳೆಂಬ ಚಿಕ್ಕ ಯಂತ್ರಗಳು ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದು 1980ರ ದಶಕದ ಆದಿಯಲ್ಲಿ. ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೋ 1981ರಲ್ಲಿ ಬಂದರೆ, ಸಿಂಕ್ಲೇರನ ಸ್ಪೆಕ್ಟ್ರಮ್ ಮರುವರ್ಷವೇ ಬಂತು. ಭಾರತ ಸರ್ಕಾರವು 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಹಂಚಿತು. ಅದೇ ಯಂತ್ರವು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಕಾರ್ಖಾನೆಯಿಂದ ಯೂನಿಕಾರ್ನ್ ಎಂಬ ಹೆಸರಿನಲ್ಲಿಯೂ ಹೊರಬಂದಿತು. ಸ್ಪೆಕ್ಟ್ರಮ್ ಪ್ಲಸ್ಸನ್ನು ಡೆಸಿಬೆಲ್ಸ್ ಎಂಬ ಭಾರತೀಯ ಸಂಸ್ಥೆಯು ಮಾರುಕಟ್ಟೆಗೆ ತಂದಿತು. ಬಿಬಿಸಿ ಯಂತ್ರದ ಸ್ಮೃತಿ ಕೇವಲ 32 ಕಿಲೋಬೈಟು. ಇಂದಿನ ಮದುವೆಯ ಆಮಂತ್ರಣದ ಒಂದು ಚಿತ್ರವೂ ಅದರಲ್ಲಿ ಹಿಡಿಸದು.

ಅಷ್ಟು ಇಕ್ಕಟ್ಟಿನಲ್ಲಿಯೂ ಹೊಸ ಅಕ್ಷರ ಕೆತ್ತಲು ಒಂದು ಸಂದಿಯನ್ನು ಅದರ ನಿರ್ಮಾಪಕರು ಬಿಟ್ಟಿದ್ದರು. ಎಂಟು ಸಾಲು ಎಂಟು ಕಂಬಗಳ ಚೌಕದಲ್ಲಿ ಬೆಳಗಬೇಕಾದ ಬಿಂದುಗಳನ್ನು ಸಾಲಿಗೊಂದರಂತೆ ಎಂಟು ಸಂಖ್ಯೆಗಳಲ್ಲಿ ಬರೆದು, ವಿಡಿಯು 23 ಎಂಬ ಆಜ್ಞೆಯೊಡನೆ ಕೊಟ್ಟರೆ, ಹೊಸ ಅಕ್ಷರ ತೆರೆಯ ಮೇಲೆ ಸಿದ್ಧ. 0, 60, 66, 66, 66, 66, 60, 0 ಎಂದು ಕೊಟ್ಟರೆ ನಮ್ಮ ಸೊನ್ನೆ ಮೂಡುತ್ತದೆ. ನಡುವಿನ ಎರಡು 66ಗಳನ್ನು 90 ಮಾಡಿದರೆ ಸೊನ್ನೆಯ ಒಳಗೊಂದು ಚುಕ್ಕೆ ಬಿದ್ದು ಠಕಾರದ ಒಡಲಾಗುತ್ತದೆ. ಆದರೆ ತಲೆಕಟ್ಟಿಗೆ ಮಿಕ್ಕಿರುವುದು ಮೇಲಿನ ಒಂದೇ ಸಾಲು, ಒತ್ತಿಗೆ ಕೆಳಗಿನ ಒಂದೇ ಸಾಲು. 'ಸ್ತ್ರೀ' ಎಂದು ಬರೆಯಹೊರಟವನು ಈ ಚೌಕದ ಮುಂದೆ ಸೋಲದೆ ಗತ್ಯಂತರವಿರಲಿಲ್ಲ.

ಇಂತಹ ಯಂತ್ರಗಳಿಗೆ ಇಂದಿಗೂ ಹೊಸ ಕ್ರಮವಿಧಿಗಳನ್ನು ಬರೆಯುವ, ಹಳೆಯವನ್ನು ಕಾಪಾಡುವ ಹವ್ಯಾಸಿಗಳು ಲೋಕದಲ್ಲಿ ಅಲ್ಲಲ್ಲಿ ಇದ್ದಾರೆ. ಆಗ ಕ್ರಮವಿಧಿಗಳು ಹಾಡಿನ ಕ್ಯಾಸೆಟ್ಟಿನಂತಹುದೇ ಟೇಪಿನಲ್ಲಿ ಧ್ವನಿಯಾಗಿ ಇರುತ್ತಿದ್ದವು; ಸ್ಪೆಕ್ಟ್ರಮ್ಮಿನಲ್ಲಿ ಒಂದು ಎಂಬ ಅಂಕಿಯ ಸ್ಪಂದ ಸೊನ್ನೆಯ ಸ್ಪಂದದ ಎರಡರಷ್ಟು ದೀರ್ಘ. ಬೂಷ್ಟು ಹಿಡಿದ ಟೇಪಿನ ಕಿರುಚಾಟದಲ್ಲಿ ಈ ಹ್ರಸ್ವದೀರ್ಘಗಳನ್ನು ಪ್ರಸ್ತಾರ ಹಾಕುವಂತೆ ವಿಂಗಡಿಸಿ, ಕಡತವಾಗಿ ಕಟ್ಟಿ, ಹಳೆಯ ಯಂತ್ರವನ್ನು ಅನುಕರಿಸುವ ಹೊಸ ತಂತ್ರಾಂಶದಲ್ಲಿ ನಡೆಸುವುದು ಅವರ ಕಾಯಕ. ಕೆಲಸವಿಲ್ಲದವರ ವಿನೋದವೆಂದು ನಗುವವರು ವಾಲ್ಟರ್ ಎಲಿಯಟ್ಟನನ್ನು ನೆನೆಯಬೇಕು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಆತ ನೂರಾರು ಶಾಸನಗಳ ಪ್ರತಿ ಮಾಡಿಸಿದನು. ತರುವಾಯ ಫ್ಲೀಟ್ ಎಂಬ ಇನ್ನೊಬ್ಬ ಅಧಿಕಾರಿಯು ಪುಲಿಗೆರೆಯೆಂಬ ಪ್ರಾಚೀನ ನಾಮದ ಲಕ್ಷ್ಮೇಶ್ವರದ ಕಲ್ಲುಗಳನ್ನು ಓದಿ ಪ್ರಕಟಿಸಿದನು. ಆ ಕಾಲದ ಜನರಿಗೂ ಅದು ದೊರೆಗಳ ಹುಚ್ಚೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಸೀಮೆಯಲ್ಲಿ ಈ ಹವ್ಯಾಸಕ್ಕೆ ನಿಜವಾದ ಸಾಮಗ್ರಿ ಇರುವುದು ಆಟಗಳಲ್ಲಿಗಿಂತ ಹೆಚ್ಚಾಗಿ ಅಚ್ಚುಕೂಟಗಳ ಫ್ಲಾಪಿಗಳಲ್ಲಿ ಎಂದು ನನ್ನ ಎಣಿಕೆ. ಸೀಸದ ಮೊಳೆಗಳು ಕರಗುಮೂಸೆಗೆ ಹೋಗಿ ಅವುಗಳ ಜಾಗಕ್ಕೆ ಡಿಟಿಪಿ ಬಂದಾಗ, ಕೆ. ಪಿ. ರಾವ್ ಅವರು ಡಾಸ್ ಕಾಲಕ್ಕೆ ರಚಿಸಿ ಉಚಿತವಾಗಿ ಕೊಟ್ಟ 'ಸೇಡಿಯಾಪು', ಅದರ ಹಿಂದುಮುಂದೆ ಪ್ರಕಾಶಕ್, ಶ್ರೀಲಿಪಿ, ಆಕೃತಿ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಹೀಗೆ ಸಾಲಾಗಿ ಬಂದವು. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನ 1991ರಲ್ಲಿಯೇ ದೊರೆತಿದ್ದರೂ, ಅಚ್ಚುಕೂಟಗಳು ಬಹುಕಾಲ ಅದರ ಗೊಡವೆಗೆ ಹೋಗಲಿಲ್ಲ. ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡೇ ವ್ಯವಹಾರ ಸಾಗಿತು.

ನುಡಿಯಲ್ಲಿ ಬೆರಳಚ್ಚಿಸಿದ 'ಕನ್ನಡ' ಎಂಬ ಪದವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಪಿ, ಪೌಂಡಿನ ಚಿಹ್ನೆ, ಜರ್ಮನರ ಒಂದು ಸಕಾರ, ಕ್ಯೂ, ಮತ್ತು ನಡುನಡುವೆ ನೆತ್ತಿಯ ಮೇಲೆ ಓರೆಗೆರೆಯುಳ್ಳ ಮೂರು ಎಗಳು. ಪಿ ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು. ಆ ಎಗಳು ಮೂರು ತಲೆಕಟ್ಟುಗಳು. ಜರ್ಮನ್ ಸಕಾರವು ನಕಾರದ ಒತ್ತು. ಮೊಳೆ ಜೋಡಿಸುತ್ತಿದ್ದವನ ಕೇಸೇ ರೋಮನ್ ವೇಷ ತೊಟ್ಟು ಮರಳಿ ಬಂದಂತಾಯಿತು. ಯಾವ ರೋಮನ್ ಮನೆಯಲ್ಲಿ ಯಾವ ತುಣುಕೆಂದು ಹೇಳುವ ಕೋಷ್ಟಕ ಶ್ರೀಲಿಪಿಗೆ ಒಂದು, ಆಕೃತಿಗೆ ಇನ್ನೊಂದು. ಕೋಷ್ಟಕ ಕಳೆದರೆ ಕಡತ ಉಳಿದೂ ಪುಸ್ತಕ ಉಳಿಯದು.

ಈ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳನ್ನು ಕೆಲವು ಉತ್ಸಾಹಿಗಳು ಬರೆದು ಧಾರಾಳವಾಗಿ ಹಂಚಿದ್ದಾರೆ. ಅವರಿಗೆ ಅತ್ಯಂತ ಕಾಟ ಕೊಟ್ಟದ್ದು ಅರ್ಕಾವೊತ್ತು. ಅಚ್ಚಿನ ಕ್ರಮದಲ್ಲಿ ಅದು ಅಕ್ಷರದ ಬಲಕ್ಕೆ, ಅಂದರೆ ಕೊನೆಗೆ ಬರುತ್ತದೆ. ಉಚ್ಚಾರದ ಕ್ರಮವನ್ನು ಅನುಸರಿಸುವ ಯೂನಿಕೋಡಿನಲ್ಲಿ ರೇಫವು ಮೊದಲೇ ಕೂರಬೇಕು. ಆ ಒಂದು ಹೆಜ್ಜೆಯನ್ನು ಮರೆತ ಪರಿವರ್ತನೆಯಲ್ಲಿ ನಾಡಿನ ಹೆಸರೇ 'ಕನಾರ್ಟಕ' ಎಂದಾಗುತ್ತದೆ. ಪತ್ರಿಕೆಗಳ ಜಾಲತಾಣಗಳಲ್ಲಿಯೂ ಸರ್ಕಾರಿ ಕಾಗದಗಳಲ್ಲಿಯೂ ಈ ರೂಪವು ಇಂದಿಗೂ ಆಗಾಗ ಎದುರಾಗಿ, ಆ ಪಠ್ಯವು ಹಳೆಯ ಫಾಂಟೊಂದರಿಂದ ಬಂದಿತೆಂಬುದನ್ನು ತಿಳಿದವರಿಗೆ ತಾನೇ ಹೇಳಿಬಿಡುತ್ತದೆ.